ದಿನಕ್ಕೆ ಎಷ್ಟು ಸಲ ಹೋಗ್ತೀಯಾ?

ಆ ಹುಡುಗನಿಗೆ ಆಗ 24 ವರ್ಷ. 9ನೇ ವಯಸ್ಸಿನಲ್ಲಿ ಟೈಪ್ 1 ಸಕ್ಕರೆ ಕಾಯಿಲೆ, ಅಂದರೆ ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಬಗೆ, ಬಂದಿತ್ತು. ನನ್ನ ಹತ್ತಿರ ಬಂದಿದ್ದು ಜ್ವರ ಅಂತ. ಒಂದೇ ವರ್ಷದಲ್ಲಿ ಮೂರನೇ ಸಲ ಚಳಿಜ್ವರ, ಮೂರನೇ ಸಲ ಮೂತ್ರದ ಇನ್ಫೆಕ್ಷನ್. ಪ್ರತಿ ಸಲವೂ ಆಂಟಿಬಯಾಟಿಕ್ ಕೊಟ್ಟಿದ್ದರು. ಪ್ರತಿ ಸಲವೂ ವಾಸಿಯಾಗಿತ್ತು. ಆದರೆ ಆ ವಯಸ್ಸಿನ ಗಂಡು ಹುಡುಗನಿಗೆ ಹೀಗೆ ಪದೇ ಪದೇ ಬರುವುದು ಸಹಜ ಅಲ್ಲ. ಅದಕ್ಕೇ ಕೇಳಿದೆ, "ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗ್ತೀಯಪ್ಪಾ?"

ಅವನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. "ಎರಡೇ ಸಲ ಮೇಡಂ. ಚಿಕ್ಕವನಿದ್ದಾಗ ಗಂಟೆಗೊಂದು ಸಲ ಓಡ್ತಿದ್ದೆ. ಈಗ ಆ ಕಾಟ ಇಲ್ಲ."

ಹೋಗಿ ಪೂರ್ತಿ ಮೂತ್ರ ಮಾಡಿ ಬಾ ಎಂದು ಕಳಿಸಿದೆ. ಬಂದ ತಕ್ಷಣ ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು ನೋಡಿದೆವು. ಆಗಷ್ಟೇ ಖಾಲಿ ಮಾಡಿ ಬಂದ ಮೂತ್ರಚೀಲದಲ್ಲಿ ಇನ್ನೂ 600 ಮಿಲಿ ಉಳಿದಿತ್ತು. ಒಂದು ದೊಡ್ಡ ನೀರಿನ ಬಾಟಲಿಯ ಅರ್ಧಕ್ಕಿಂತ ಜಾಸ್ತಿ. ಅವನಿಗೆ ಏನೂ ಅನಿಸುತ್ತಿರಲಿಲ್ಲ. ನೋವಿಲ್ಲ, ಭಾರವಿಲ್ಲ, ಅವಸರವೂ ಇಲ್ಲ.

ಹದಿನೈದು ವರ್ಷ ಅವನು ಡಾಕ್ಟರುಗಳನ್ನು ನೋಡಿದ್ದ. ಕಣ್ಣು ಪರೀಕ್ಷೆ ಆಗಿತ್ತು, ಪಾದ ಪರೀಕ್ಷೆ ಆಗಿತ್ತು, ಕಿಡ್ನಿಯದೂ ಆಗಿತ್ತು. ಮೂತ್ರ ಹೇಗೆ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ನಾನೂ ವೃತ್ತಿಯ ಮೊದಲ ವರ್ಷಗಳಲ್ಲಿ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಅವನ ನಂತರ ಒಬ್ಬರನ್ನೂ ಕೇಳದೆ ಬಿಟ್ಟಿಲ್ಲ. ಇವತ್ತು ನಿಮ್ಮ ಮುಂದೆ ನಿಂತಿರುವುದೂ ಈ ಪ್ರಶ್ನೆಗಾಗಿಯೇ.

ಯೋಚಿಸಿ ನೋಡಿ, ನಮ್ಮ ಭಾಷೆಯಲ್ಲಿ ಈ ಕಾಯಿಲೆಗೆ ಇರುವ ಹಳೆಯ ಹೆಸರೇನು? ಸಿಹಿಮೂತ್ರ ರೋಗ. ಮಧುಮೇಹ ಎಂದರೂ ಅದೇ ಅರ್ಥ, ಜೇನಿನಂಥ ಮೂತ್ರ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನೋಡಿ ಈ ಕಾಯಿಲೆಯನ್ನು ಗುರುತಿಸುತ್ತಿದ್ದ ಕಾಲ ಇತ್ತು. ಗ್ರೀಕರು ಇಟ್ಟ ಡಯಾಬಿಟಿಸ್ ಎಂಬ ಹೆಸರಿಗೆ ನೀರು ಒಂದೇ ಸಮನೆ ಹರಿದುಹೋಗುವ ಕೊಳವೆ ಎಂಬ ಅರ್ಥ. 1776ರಲ್ಲಿ ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಕಾಯಿಸಿ ಆವಿ ಮಾಡಿದರು. ತಳದಲ್ಲಿ ಉಳಿದ ಪುಡಿ ಸಕ್ಕರೆಯಂತೆಯೇ ಇತ್ತು. ಸಾವಿರಾರು ವರ್ಷ ಈ ಕಾಯಿಲೆಯನ್ನು ಜನ ಕಂಡಿದ್ದೇ ಮೂತ್ರದ ಮೂಲಕ. ಆಮೇಲೆ ರಕ್ತ ಪರೀಕ್ಷೆ ಬಂತು. ಎಲ್ಲರ ಗಮನ ಬೆರಳ ತುದಿಗೆ ಹೋಯಿತು. ಅಲ್ಲಿಂದೀಚೆಗೆ ಮೂತ್ರದ ಮಾತು ನಾಚಿಕೆಯ ಮಾತಾಗಿ ಉಳಿಯಿತು.

ಈಗ ಮೂತ್ರಚೀಲ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ನೋಡೋಣ. ಇದು ಗೊತ್ತಾದರೆ ಮುಂದಿನದೆಲ್ಲ ಸುಲಭ.

ಅದು ಒಂದು ಮಾಂಸಖಂಡದ ಚೀಲ. ಅದಕ್ಕೆ ಎರಡೇ ಕೆಲಸ. ತುಂಬಿಸಿಕೊಳ್ಳುವಾಗ ಸಡಿಲವಾಗಿ ಹಿಗ್ಗಬೇಕು, ಖಾಲಿ ಮಾಡುವಾಗ ಬಿಗಿಯಾಗಿ ಹಿಂಡಬೇಕು. ಕೆಳಗೆ ಬಾಯಿಯ ಬಳಿ ಬಿಗಿ ಹಿಡಿಯುವ ಸ್ನಾಯು ಇದೆ. ಚೀಲ ಹಿಗ್ಗುವಾಗ ಅದು ಮುಚ್ಚಿರಬೇಕು, ಚೀಲ ಹಿಂಡುವಾಗ ತೆರೆಯಬೇಕು. ಈ ಹೊಂದಾಣಿಕೆ ಮಾಡುವುದು ನರಗಳು. ದೊಡ್ಡವರ ಚೀಲದಲ್ಲಿ 400ರಿಂದ 500 ಮಿಲಿ ಹಿಡಿಯುತ್ತದೆ. 150, 200 ಮಿಲಿ ತುಂಬಿದಾಗಲೇ ಮೊದಲ ಸುದ್ದಿ ಮೆದುಳಿಗೆ ಹೋಗುತ್ತದೆ. "ಹೋಗಬೇಕು, ಆದರೆ ಅವಸರ ಇಲ್ಲ" ಎಂಬಂಥ ಸುದ್ದಿ. ಮಕ್ಕಳಿಗೆ ಒಂದು ಲೆಕ್ಕ ಇದೆ. ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿ. 6 ವರ್ಷದ ಮಗುವಿನ ಚೀಲ ಸುಮಾರು 210 ಮಿಲಿ ಹಿಡಿಯುತ್ತದೆ.

ಈಗ ಸಕ್ಕರೆಯ ವಿಷಯಕ್ಕೆ ಬನ್ನಿ. ಕಿಡ್ನಿ ರಕ್ತದಿಂದ ಸೋಸಿದ ಸಕ್ಕರೆಯನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ, ಹೊರಗೆ ಬಿಡುವುದಿಲ್ಲ. ಆದರೆ ಅದಕ್ಕೂ ಒಂದು ಮಿತಿ ಇದೆ. ರಕ್ತದ ಸಕ್ಕರೆ ಸುಮಾರು 180 ದಾಟಿತು ಅನ್ನಿ, ಉಳಿದದ್ದು ಮೂತ್ರಕ್ಕೆ ಚೆಲ್ಲುತ್ತದೆ. ಸಕ್ಕರೆ ಸುಮ್ನೆ ಹೋಗುವುದಿಲ್ಲ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ದಿನಕ್ಕೆ ಒಂದೂವರೆ ಲೀಟರ್ ಆಗಬೇಕಾದ ಮೂತ್ರ ಮೂರು, ನಾಲ್ಕು ಲೀಟರ್ ಆಗುತ್ತದೆ. ಬಾಯಾರಿಕೆ ಬರುವುದು ಇದರಿಂದ. ನೀರು ಕುಡಿದದ್ದರಿಂದ ಮೂತ್ರ ಜಾಸ್ತಿಯಾಯಿತು ಎಂದು ತುಂಬಾ ಜನ ತಿಳಿಯುತ್ತಾರೆ. ನಿಜ ಉಲ್ಟಾ. ನೀರು ಮೊದಲು ಹೊರಗೆ ಹೋಗಿರುತ್ತದೆ, ಬಾಯಾರಿಕೆ ಆಮೇಲೆ ಬರುತ್ತದೆ.

ಹಾಗಾಗಿ ಒಂದು ಮಾತನ್ನು ಕೈ ಮುಗಿದು ಹೇಳುತ್ತೇನೆ. ಪದೇ ಪದೇ ಎದ್ದು ಹೋಗುವುದು ಮುಜುಗರ ಅಂತ ನೀರು ಕುಡಿಯುವುದನ್ನು ನಿಲ್ಲಿಸಬೇಡಿ. ತರಗತಿಯಲ್ಲಿ ಕೂರುವ ಹುಡುಗಿಯರು, ದೂರ ಪ್ರಯಾಣ ಮಾಡುವವರು ಹೀಗೆ ಮಾಡುವುದನ್ನು ನೋಡಿದ್ದೇನೆ. ಸಕ್ಕರೆ ಜಾಸ್ತಿ ಇರುವಾಗ ನೀರು ಬಿಟ್ಟರೆ ದೇಹ ಒಣಗುತ್ತದೆ, ಸಕ್ಕರೆ ಇನ್ನೂ ಏರುತ್ತದೆ, ಆಸ್ಪತ್ರೆ ಸೇರುವ ಸ್ಥಿತಿ ಬರುತ್ತದೆ. ಸರಿಪಡಿಸಬೇಕಾದದ್ದು ಸಕ್ಕರೆಯನ್ನು.

ಮಕ್ಕಳ ವಿಷಯ ಮೊದಲು ಹೇಳಿಬಿಡುತ್ತೇನೆ. ಇಲ್ಲಿ ತಡವಾದರೆ ಜೀವಕ್ಕೇ ಅಪಾಯ.

ಎರಡು ಮೂರು ವರ್ಷದಿಂದ ಹಾಸಿಗೆ ಒದ್ದೆ ಮಾಡದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡಲು ಶುರು ಮಾಡಿದರೆ ಏನು ಮಾಡುತ್ತೀರಿ? ಬೈಯುತ್ತಾರೆ. ರಾತ್ರಿ ನೀರು ಕೊಡಬೇಡ ಅನ್ನುತ್ತಾರೆ. ಹೊಸ ಶಾಲೆಗೆ ಸೇರಿಸಿದ್ದೇವಲ್ಲ, ಭಯ ಇರಬೇಕು ಅನ್ನುತ್ತಾರೆ. ಅದೂ ಇರಬಹುದು. ಆದರೆ ಮೊದಲು ಅವತ್ತೇ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಿಸಿ. ಟೈಪ್ 1 ಕಾಯಿಲೆ ಮಕ್ಕಳಲ್ಲಿ ಹೀಗೆ ಹಾಸಿಗೆಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಬಹಳ ಸಾಮಾನ್ಯ. ಜೊತೆಗೆ ಬಾಯಾರಿಕೆ, ಸುಸ್ತು, ತೂಕ ಇಳಿಯುವುದು ಇದ್ದರಂತೂ ನಾಳೆಗೆ ಬಿಡಬೇಡಿ. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಬಂದಿದ್ದರೆ ಗಂಟೆಗಳ ಲೆಕ್ಕ. ನೇರ ಆಸ್ಪತ್ರೆಗೆ ಹೋಗಬೇಕು.

ಒಬ್ಬ ತಾಯಿ ನನ್ನ ಎದುರು ಕೂತು ಅತ್ತದ್ದು ಇನ್ನೂ ಕಣ್ಣ ಮುಂದಿದೆ. "ಎರಡು ವಾರ ಬೆಳಿಗ್ಗೆ ಬೆಳಿಗ್ಗೆ ಹೊಡೆದೆ ಡಾಕ್ಟ್ರೇ, ಅವನು ಬೇಕಂತ ಮಾಡ್ತಾನೆ ಅಂದ್ಕೊಂಡೆ." ಆ ಮಗು ಉಳಿಯಿತು, ಈಗ ಚೆನ್ನಾಗಿದ್ದಾನೆ. ಆಕೆ ತನ್ನನ್ನು ತಾನು ಇನ್ನೂ ಕ್ಷಮಿಸಿಕೊಂಡಿಲ್ಲ. ತಪ್ಪು ಆಕೆಯದಲ್ಲ. ಆಕೆಗೆ ಯಾರೂ ಹೇಳಿರಲಿಲ್ಲ.

ಇನ್ನು ಕಾಯಿಲೆ ಇದೆ ಎಂದು ಗೊತ್ತಾಗಿ ಇನ್ಸುಲಿನ್ ನಡೆಯುತ್ತಿರುವ ಮಗು ಹಾಸಿಗೆ ಒದ್ದೆ ಮಾಡಿದರೆ? ರಾತ್ರಿಯ ಸಕ್ಕರೆ ನೋಡಿ, ಮುಖ್ಯವಾಗಿ ನಡುರಾತ್ರಿಯದು. ಅದು ಸರಿ ಇದ್ದರೆ ಮಲಬದ್ಧತೆ ಇದೆಯಾ ನೋಡಿ. ಗಟ್ಟಿ ಮಲ ತುಂಬಿದ ದೊಡ್ಡಕರುಳು ಪಕ್ಕದ ಮೂತ್ರಚೀಲವನ್ನು ಒತ್ತುತ್ತದೆ. ಎಷ್ಟೋ ಮಕ್ಕಳಲ್ಲಿ ಮಲಬದ್ಧತೆ ಸರಿಯಾದರೆ ಹಾಸಿಗೆಯೂ ಒಣಗುತ್ತದೆ. ಇನ್ನೊಂದು, ಶಾಲೆಯಲ್ಲಿ ದಿನವಿಡೀ ತಡೆದುಕೊಂಡು ಕೂರುವುದು. ಇಲ್ಲಿ ಶಿಕ್ಷಕರು ಇದ್ದೀರಿ ಎಂದು ಕೇಳಿದೆ. ಸಕ್ಕರೆ ಕಾಯಿಲೆ ಇರುವ ಮಗು ಕೈ ಎತ್ತಿದರೆ ದಯವಿಟ್ಟು ಪ್ರಶ್ನೆ ಮಾಡದೆ ಕಳಿಸಿ. ಎಲ್ಲರ ಮುಂದೆ "ಮತ್ತೆ ಹೋಗಬೇಕಾ" ಎಂದು ಒಂದು ಸಲ ಕೇಳಿದರೆ ಸಾಕು, ಆ ಮಗು ಮತ್ತೆ ಕೈ ಎತ್ತುವುದಿಲ್ಲ.

ಒಂದು ಅಪರೂಪದ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ವುಲ್ಫ್ರಾಮ್ ಸಿಂಡ್ರೋಮ್ ಎಂದು ಒಂದಿದೆ. 1938ರಲ್ಲಿ ಇದರ ಬಗ್ಗೆ ಮೊದಲು ಬರೆದವರು ವುಲ್ಫ್ರಾಮ್ ಮತ್ತು ವ್ಯಾಗನರ್. ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬರುತ್ತದೆ. ಆಮೇಲೆ ಕಣ್ಣಿನ ನರ ಒಣಗಿ ದೃಷ್ಟಿ ಮಂಕಾಗುತ್ತದೆ. ಕಿವಿ ಕೇಳಿಸುವುದು ಕಡಿಮೆಯಾಗುತ್ತದೆ. ಸಕ್ಕರೆ ಹತೋಟಿಯಲ್ಲಿದ್ದರೂ ಮೂತ್ರ ಹರಿಯುತ್ತಲೇ ಇರುತ್ತದೆ. ಯಾಕೆಂದರೆ ಇದರಲ್ಲಿ ಇನ್ನೊಂದು ಬಗೆಯ ಡಯಾಬಿಟಿಸ್ ಕೂಡ ಸೇರಿರುತ್ತದೆ, ನೀರನ್ನು ಹಿಡಿದಿಡುವ ಹಾರ್ಮೋನಿನ ಕೊರತೆ. ಇದನ್ನು ಸಿಹಿಮೂತ್ರ ಅನ್ನುವ ಹಾಗಿಲ್ಲ, ಸಪ್ಪೆಮೂತ್ರ ಅನ್ನಬೇಕು. ಮೂತ್ರಚೀಲವೂ ಹಿಗ್ಗಿ ದೊಡ್ಡದಾಗುತ್ತದೆ. ಇದು ತೀರಾ ಅಪರೂಪ. ಆದರೆ ಸಕ್ಕರೆ ಕಾಯಿಲೆಯ ಮಗುವಿಗೆ ಕನ್ನಡಕ ಹಾಕಿದರೂ ಕಣ್ಣು ಕಾಣುತ್ತಿಲ್ಲ, ಸಕ್ಕರೆ ಸರಿ ಇದ್ದರೂ ಮೂತ್ರ ಜಾಸ್ತಿ ಅಂದರೆ ಈ ಹೆಸರು ಡಾಕ್ಟರಿಗೆ ನೆನಪಾಗಬೇಕು. ನೀವೂ ನೆನಪಿಸಬಹುದು.

ಈಗ ಹರೆಯದವರು, ಇಪ್ಪತ್ತು ಮೂವತ್ತರ ವಯಸ್ಸಿನವರು.

ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದಾಗ ಮೂತ್ರಚೀಲಕ್ಕೆ ವಿಶ್ರಾಂತಿ ಅನ್ನುವುದೇ ಇರುವುದಿಲ್ಲ. ಎರಡು ಪಾಲು, ಮೂರು ಪಾಲು ಮೂತ್ರವನ್ನು ಹಗಲೂ ರಾತ್ರಿ ಹಿಂಡಿ ಹಿಂಡಿ ಹೊರಗೆ ಹಾಕಬೇಕು. ಯಾವ ಮಾಂಸಖಂಡಕ್ಕೆ ಇಷ್ಟು ಕೆಲಸ ಕೊಟ್ಟರೂ ಅದು ದಪ್ಪವಾಗುತ್ತದೆ. ಮೂತ್ರಚೀಲದ ಗೋಡೆಯೂ ದಪ್ಪವಾಗುತ್ತದೆ, ಚುರುಕಾಗುತ್ತದೆ, ಸ್ವಲ್ಪ ಮುಂಗೋಪಿಯೂ ಆಗುತ್ತದೆ. ಸ್ವಲ್ಪ ತುಂಬಿದರೂ ಹಿಂಡಲು ನೋಡುತ್ತದೆ. ಇದ್ದಕ್ಕಿದ್ದಂತೆ ತಡೆಯಲಾಗದ ಅವಸರ, ಬಾಗಿಲು ಮುಟ್ಟುವಷ್ಟರಲ್ಲಿ ನಾಲ್ಕು ಹನಿ ಬಟ್ಟೆಗೆ. ಇದು ಒಂದು ಕಾಲ.

ಇನ್ನೊಂದು ಕಡೆ ಸಕ್ಕರೆ ನರಗಳನ್ನು ನಿಧಾನಕ್ಕೆ ಸವೆಸುತ್ತಿರುತ್ತದೆ. ಪಾದ ಜೋಮು ಹಿಡಿಯುವುದು ನಿಮಗೆಲ್ಲ ಗೊತ್ತು. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದವರನ್ನು ನೋಡಿದ್ದೀರಿ. ಅದೇ ಜೋಮು ಮೂತ್ರಚೀಲಕ್ಕೂ ಹಿಡಿಯುತ್ತದೆ. 200 ಮಿಲಿಗೆ ಬರಬೇಕಾದ ಸುದ್ದಿ 400ಕ್ಕೆ ಬರುತ್ತದೆ. ಆಮೇಲೆ 600ಕ್ಕೆ. ಆಮೇಲೆ ಬರುವುದೇ ಇಲ್ಲ. ಮಿತಿ ಮೀರಿ ಹಿಗ್ಗಿ ಹಿಗ್ಗಿ ಮಾಂಸಖಂಡ ಸೋಲುತ್ತದೆ, ಪೂರ್ತಿ ಹಿಂಡಲು ಆಗುವುದಿಲ್ಲ. ಪ್ರತಿ ಸಲವೂ ಒಂದಷ್ಟು ಉಳಿಯುತ್ತದೆ. 1970ರ ದಶಕದಲ್ಲಿ ಡೆನ್ಮಾರ್ಕಿನ ವೈದ್ಯ ಫ್ರಿಮೊಡ್ಟ್ ಮೊಲ್ಲರ್ ಇದಕ್ಕೆ ಡಯಾಬಿಟಿಕ್ ಸಿಸ್ಟೋಪತಿ ಎಂದು ಹೆಸರಿಟ್ಟರು. ಹೆಸರು ಮರೆತರೂ ಪರವಾಗಿಲ್ಲ. ಜೋಮು ಹಿಡಿದ ಮೂತ್ರಚೀಲ ಎಂದರೆ ಸಾಕು.

ಮೊದಲು ಅವಸರದ ಕಾಲ, ಆಮೇಲೆ ಜೋಮಿನ ಕಾಲ ಅಂತ ಎಲ್ಲರಲ್ಲೂ ಸಾಲಾಗಿ ಬರುತ್ತದೆ ಎಂದಲ್ಲ. ಕೆಲವರಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಆದರೆ ನನ್ನನ್ನು ಚಿಂತೆಗೆ ಹಚ್ಚುವುದು ಈ ಎರಡನೆಯದು. ಅವಸರ ಇರುವವರು ಡಾಕ್ಟರ ಬಳಿ ಬಂದೇ ಬರುತ್ತಾರೆ. ಬಟ್ಟೆ ಒದ್ದೆಯಾದರೆ ಸುಮ್ಮನಿರಲು ಆಗುವುದಿಲ್ಲ. ಜೋಮು ಹಿಡಿದವರು ಬರುವುದಿಲ್ಲ. ಅವರಿಗೆ ತೊಂದರೆಯೇ ಕಾಣುವುದಿಲ್ಲ. ಮೊದಲು ದಿನಕ್ಕೆ ಹತ್ತು ಸಲ ಹೋಗುತ್ತಿದ್ದವರು ಎಂಟಕ್ಕೆ ಬರುತ್ತಾರೆ, ಐದಕ್ಕೆ ಬರುತ್ತಾರೆ. ಶುಗರ್ ಕಂಟ್ರೋಲ್ ಆಯಿತು ಅಂತ ಸಂತೋಷಪಡುತ್ತಾರೆ. ಎರಡು, ಮೂರಕ್ಕೆ ಇಳಿದಾಗಲೂ ಅದೇ ಸಂತೋಷ. ನನ್ನ ಆ ಹುಡುಗನಿಗೆ ಆದದ್ದು ಇದೇ.

ಹಾಗಾದರೆ ಹೇಗೆ ಗೊತ್ತುಮಾಡಿಕೊಳ್ಳುವುದು? ಕೆಲವು ಸುಳಿವುಗಳಿವೆ. ಬೆಳಿಗ್ಗೆ ಎದ್ದಾಗಲೂ ಅವಸರ ಇರುವುದಿಲ್ಲ. ಶುರುವಾಗಲು ನಿಂತು ಕಾಯಬೇಕು. ಧಾರೆ ಸಣ್ಣಗೆ, ನಿಂತು ನಿಂತು ಬರುತ್ತದೆ. ಹೊಟ್ಟೆ ಒತ್ತಿ ತಿಣುಕಬೇಕು. ಮುಗಿಯಿತು ಎಂದು ಎದ್ದ ಮೇಲೆ ತೊಟ್ಟಿಕ್ಕುತ್ತದೆ. ಕೆಮ್ಮಿದಾಗ, ನಿದ್ದೆಯಲ್ಲಿ ಗೊತ್ತಿಲ್ಲದೆ ಸೋರುತ್ತದೆ. ತುಂಬಿ ತುಳುಕುವ ಕೊಡದಂತೆ, ಅಷ್ಟೇ. ಸೋರುತ್ತಿದೆ ಎಂದರೆ ಖಾಲಿಯಾಗುತ್ತಿದೆ ಎಂದು ಅರ್ಥವಲ್ಲ.

ಬೇರೆ ಕಡೆಯೂ ನೋಡಬೇಕು. ಈ ನರಗಳು ಒಂಟಿಯಾಗಿ ಕೆಡುವುದು ಕಡಿಮೆ. ಥಟ್ಟನೆ ಎದ್ದು ನಿಂತರೆ ತಲೆ ತಿರುಗುತ್ತದಾ? ಸುಮ್ನೆ ಕೂತಾಗಲೂ ಎದೆ ಬಡಿತ ಜೋರಾಗಿರುತ್ತದಾ? ಎರಡು ತುತ್ತಿಗೇ ಹೊಟ್ಟೆ ತುಂಬುತ್ತದಾ? ಇವೆಲ್ಲ ಒಂದೇ ಮನೆಯ ನರಗಳು. ಒಂದು ಕಡೆ ತೊಂದರೆ ಕಂಡರೆ ಮೂತ್ರಚೀಲದ ಕಡೆಗೂ ನೋಡಬೇಕು.

ಪರೀಕ್ಷೆ ತುಂಬಾ ಸುಲಭ. ಮೂತ್ರ ಮಾಡಿ ಬಂದ ಕೂಡಲೇ ಸ್ಕ್ಯಾನ್. ಐದು ನಿಮಿಷದ ಕೆಲಸ, ನೋವಿಲ್ಲ, ಸೂಜಿ ಇಲ್ಲ. 50 ಮಿಲಿಗಿಂತ ಕಡಿಮೆ ಉಳಿದಿದ್ದರೆ ಚಿಂತೆ ಬೇಡ. 150 ದಾಟಿದರೆ ಮುಂದೆ ನೋಡಬೇಕು. ಆಮೇಲೆ ಧಾರೆಯ ವೇಗ ಅಳೆಯುವ ಯಂತ್ರ ಇದೆ, ಅದರಲ್ಲಿ ಮೂತ್ರ ಮಾಡಿದರೆ ಸಾಕು. ಸಣ್ಣ ಟ್ಯೂಬ್ ಹಾಕಿ ಚೀಲದ ಒಳಗಿನ ಒತ್ತಡ ನೋಡುವ ಯುರೋಡೈನಮಿಕ್ ಪರೀಕ್ಷೆ ಎಲ್ಲರಿಗೂ ಬೇಕಾಗುವುದಿಲ್ಲ. ಚೀಲ ಸೋತಿದೆಯೋ ಅಥವಾ ದಾರಿಯಲ್ಲಿ ಅಡ್ಡಿ ಇದೆಯೋ ಎಂಬ ಅನುಮಾನ ಬಂದಾಗ ಮಾತ್ರ.

ಒಂದು ಎಚ್ಚರಿಕೆ. ನೆಗಡಿಗೆ ಅಂಗಡಿಯಲ್ಲಿ ಕೇಳಿ ತಗೊಳ್ಳುವ ಕೆಲವು ಮಾತ್ರೆಗಳು ಮೂತ್ರಚೀಲದ ಬಾಯಿಯನ್ನು ಬಿಗಿ ಮಾಡುತ್ತವೆ. ಪಾದದ ಉರಿಗೆ ಕೊಡುವ ಅಮಿಟ್ರಿಪ್ಟಿಲಿನ್ ಒಳ್ಳೆಯ ಔಷಧಿಯೇ, ಆದರೆ ಅದು ಚೀಲದ ಹಿಂಡುವ ಶಕ್ತಿಯನ್ನು ಕುಗ್ಗಿಸಬಹುದು. ಮೊದಲೇ ಸೋತ ಚೀಲಕ್ಕೆ ಇಷ್ಟು ಸಾಕು, ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡುಬಿಡುತ್ತದೆ. ಹೊಸ ಮಾತ್ರೆ ಶುರುವಾದ ಮೇಲೆ ಮೂತ್ರ ನಿಧಾನವಾದರೆ ಬರೆದ ಡಾಕ್ಟರಿಗೆ ಹೇಳಿ.

ಇನ್ಫೆಕ್ಷನ್ ಬಗ್ಗೆ ಹುಡುಗಿಯರು ಚೀಟಿಯಲ್ಲಿ ಪ್ರಶ್ನೆ ಕಳಿಸಿದ್ದೀರಿ. ಹೆಸರಿಲ್ಲದೆ ಕಳಿಸಿದ್ದೀರಿ, ಒಳ್ಳೆಯದು, ಕೇಳಿದಿರಲ್ಲ.

ಹೆಣ್ಣುಮಕ್ಕಳಲ್ಲಿ ಮೂತ್ರನಾಳ ಗಿಡ್ಡ. ಹೊರಗಿನ ಬ್ಯಾಕ್ಟೀರಿಯಾ ಸುಲಭವಾಗಿ ಒಳಗೆ ಬರುತ್ತದೆ. ಮಾಮೂಲಿಯಾಗಿ ಮೂತ್ರದ ಜೊತೆ ತೊಳೆದುಹೋಗುತ್ತದೆ. ಚೀಲ ಪೂರ್ತಿ ಖಾಲಿಯಾಗದಿದ್ದರೆ ನಿಂತ ನೀರಿನಲ್ಲಿ ಅದು ಬೆಳೆಯುತ್ತದೆ. ಜೊತೆಗೆ ಸಕ್ಕರೆ ಜಾಸ್ತಿ ಇದ್ದಾಗ ಬ್ಯಾಕ್ಟೀರಿಯಾ ಜೊತೆ ಹೋರಾಡುವ ಬಿಳಿ ರಕ್ತಕಣಗಳೂ ಮಂಕಾಗುತ್ತವೆ.

ಆದರೆ ಉರಿ ಎಂದ ಕೂಡಲೇ ಆಂಟಿಬಯಾಟಿಕ್ ನುಂಗಬೇಡಿ. ಉರಿ ಎಲ್ಲಿ ಅಂತ ಮೊದಲು ಗಮನಿಸಿ. ಮೂತ್ರ ಬರುವಾಗ ಒಳಗೆ ಉರಿ, ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು ಇದ್ದರೆ ಅದು ಉರಿಮೂತ್ರ, ಚೀಲದ ಇನ್ಫೆಕ್ಷನ್ ಇರಬಹುದು. ಹೊರಗಿನ ಚರ್ಮಕ್ಕೆ ಮೂತ್ರ ತಾಗಿದಾಗ ಉರಿ, ತುರಿಕೆ, ಮೊಸರಿನಂಥ ಬಿಳಿಸೆರಗು ಇದ್ದರೆ ಅದು ಹೆಚ್ಚಾಗಿ ಫಂಗಸ್. ಫಂಗಸ್‌ಗೆ ಆಂಟಿಬಯಾಟಿಕ್ ತಗೊಂಡರೆ ಅದು ಇನ್ನೂ ಜಾಸ್ತಿಯಾಗುತ್ತದೆ. ಹುಡುಗರಿಗೂ ಬರುತ್ತದೆ. ಶಿಶ್ನದ ತುದಿ ಕೆಂಪಾಗಿ, ಮುಂದೊಗಲು ಬಿರಿದು, ಹಿಂದೆ ಸರಿಯದಂತಾಗುತ್ತದೆ. ಸಕ್ಕರೆ ಕಾಯಿಲೆ ಇದೆ ಎಂದೇ ಗೊತ್ತಿಲ್ಲದ ಹುಡುಗರು ಈ ತೊಂದರೆಗೆ ಬಂದು, ಪರೀಕ್ಷೆ ಮಾಡಿದಾಗ ಕಾಯಿಲೆ ಗೊತ್ತಾದದ್ದಿದೆ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳನ್ನು ಟೈಪ್ 2, ಅಂದರೆ ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡದ ಬಗೆಯ ಕಾಯಿಲೆ, ಇರುವ ಕೆಲವರು ತಗೊಳ್ಳುತ್ತಿರಬಹುದು. ಎಂಪಾಗ್ಲಿಫ್ಲೋಜಿನ್‌ಗೆ 2023ರಲ್ಲಿ ಅಮೆರಿಕದಲ್ಲಿ 10 ವರ್ಷ ದಾಟಿದ ಮಕ್ಕಳಿಗೂ ಒಪ್ಪಿಗೆ ಸಿಕ್ಕಿದೆ. ಇವು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸಿ. ಕಿಡ್ನಿಗೆ, ಹೃದಯಕ್ಕೆ ಒಳ್ಳೆಯದು ಮಾಡುವ ಮಾತ್ರೆಗಳು. ಆದರೆ ಆ ಭಾಗದಲ್ಲಿ ಸದಾ ಸಕ್ಕರೆಯ ಪಸೆ ಇರುವುದರಿಂದ ಫಂಗಸ್ ಬರುವುದು ಜಾಸ್ತಿ. ಮೂತ್ರ ಮಾಡಿದ ಮೇಲೆ ನೀರಿನಿಂದ ತೊಳೆದು ಒರೆಸಿಕೊಳ್ಳಿ. ಇವನ್ನು ತಗೊಳ್ಳುವವರ ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ಕಾಣಿಸಿದರೆ ಗಾಬರಿ ಬೇಡ, ಅದು ಮಾತ್ರೆಯ ಕೆಲಸ.

ಇನ್ನೊಂದು ವಿಷಯಕ್ಕೆ ಜನ ಒಪ್ಪುವುದು ಕಷ್ಟ. ಏನೂ ತೊಂದರೆ ಇಲ್ಲದೆ, ಸುಮ್ನೆ ಮಾಡಿಸಿದ, ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆಯಾ ಎಂದು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬಂದರೆ ಔಷಧಿ ಬೇಕಿಲ್ಲ. ಸಕ್ಕರೆ ಕಾಯಿಲೆ ಇರುವ ಹೆಂಗಸರಲ್ಲಿ ಹೀಗೆ ಬರುವುದು ಸಾಮಾನ್ಯ. ಔಷಧಿ ಕೊಟ್ಟರೂ ಪ್ರಯೋಜನ ಇಲ್ಲ ಎಂದು ಅಧ್ಯಯನಗಳು ತೋರಿಸಿವೆ. ಸುಮ್ಮನೆ ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಗರ್ಭಿಣಿಯರ ವಿಷಯ ಬೇರೆ, ಅವರಿಗೆ ಕೊಡಲೇಬೇಕು. ಹಾಗೆಯೇ ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ ಬಂದರೆ ಕಾಯುವ ಮಾತೇ ಇಲ್ಲ. ಇನ್ಫೆಕ್ಷನ್ ಕಿಡ್ನಿಗೆ ಏರಿದೆ ಎಂದು ಅರ್ಥ. ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಬೇಗ ಬಿಗಡಾಯಿಸುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಿ, ಇನ್ಸುಲಿನ್ ಮಾತ್ರ ನಿಲ್ಲಿಸಬೇಡಿ.

ಚಿಕಿತ್ಸೆಯ ಮಾತಿಗೆ ಬರೋಣ. ಮೊದಲನೆಯದು ಸಕ್ಕರೆಯೇ. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಹೆಸರು ಡಿಸಿಸಿಟಿ. ಟೈಪ್ 1 ಇರುವ 1441 ಜನ, ಎಲ್ಲರೂ 13ರಿಂದ 39 ವರ್ಷದವರು. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ನರಗಳ ತೊಂದರೆ ಸುಮಾರು ಶೇಕಡಾ 60ರಷ್ಟು ಕಡಿಮೆಯಾಯಿತು. ಇಂಥ ಲಾಭ ಕೊಡುವ ಬೇರೆ ಔಷಧಿ ನನ್ನ ಕೈಯಲ್ಲಿ ಇಲ್ಲ. ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಒಮ್ಮೆ ಜೋಮು ಹಿಡಿದ ಚೀಲಕ್ಕೆ ಮೊದಲಿನ ಅರಿವು ಪೂರ್ತಿ ಮರಳುವುದು ಕಡಿಮೆ. ಅದಕ್ಕೇ ಬೇಗ ಗೊತ್ತಾಗಬೇಕು.

ಅರಿವು ಹೋದವರಿಗೆ ಗಡಿಯಾರವೇ ಅರಿವು. ಅವಸರ ಆಗಲಿ ಬಿಡಲಿ, ಮೂರು ನಾಲ್ಕು ಗಂಟೆಗೊಮ್ಮೆ ಹೋಗಬೇಕು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಹೋದಾಗ ಆತುರ ಪಡಬೇಡಿ. ಗಂಡಸರೂ ಕೂತು ಮಾಡಿದರೆ ಒಳ್ಳೆಯದು. ಮುಗಿದ ಮೇಲೆ ಎದ್ದು ಎರಡು ನಿಮಿಷ ಓಡಾಡಿ ಮತ್ತೆ ಕೂತು ಪ್ರಯತ್ನಿಸಿ. ಎರಡನೇ ಸಲವೂ ಎಷ್ಟು ಬರುತ್ತದೆ ಎಂದು ನೋಡಿ ಎಷ್ಟೋ ಜನ ಆಶ್ಚರ್ಯಪಟ್ಟಿದ್ದಾರೆ.

ಅವಸರದ ಚೀಲಕ್ಕೆ ಬೇರೆ ದಾರಿ. ಅಲ್ಲಿ ಸ್ವಲ್ಪ ಸ್ವಲ್ಪವೇ ಅಂತರ ಹೆಚ್ಚಿಸುತ್ತಾ ಚೀಲವನ್ನು ಪಳಗಿಸಬೇಕು, ಕೆಳಭಾಗದ ಸ್ನಾಯುಗಳಿಗೆ ವ್ಯಾಯಾಮ ಮಾಡಬೇಕು. ಆಕ್ಸಿಬ್ಯುಟಿನಿನ್, ಮಿರಾಬೆಗ್ರಾನ್‌ನಂಥ ಮಾತ್ರೆಗಳೂ ಇವೆ. ಆದರೆ ಇವನ್ನು ಶುರು ಮಾಡುವ ಮೊದಲು ಎಷ್ಟು ಉಳಿಯುತ್ತಿದೆ ಎಂದು ಸ್ಕ್ಯಾನ್ ಆಗಲೇಬೇಕು. ಖಾಲಿಯಾಗದ ಚೀಲಕ್ಕೆ ಸಡಿಲ ಮಾಡುವ ಮಾತ್ರೆ ಕೊಟ್ಟರೆ ಕೆಲಸ ಕೆಡುತ್ತದೆ.

ಗಡಿಯಾರದಿಂದಲೂ ಖಾಲಿಯಾಗದಿದ್ದರೆ ಟ್ಯೂಬ್. ಈ ಮಾತು ಬಂದ ಕೂಡಲೇ ಮುಖಗಳು ಬಾಡುತ್ತವೆ, ಈಗಲೂ ಕೆಲವು ಬಾಡಿದ್ದು ಕಂಡೆ. ದಯವಿಟ್ಟು ಪೂರ್ತಿ ಕೇಳಿ. ನಾನು ಹೇಳುತ್ತಿರುವುದು ಮೂತ್ರ ತುಂಬುವ ಪ್ಲಾಸ್ಟಿಕ್ ಚೀಲ ತಗುಲಿಸಿಕೊಂಡು ಓಡಾಡುವ ಟ್ಯೂಬ್ ಅಲ್ಲ. ದಿನಕ್ಕೆ ನಾಲ್ಕರಿಂದ ಆರು ಸಲ, ನಿಮ್ಮ ಕೈಯಿಂದ ನೀವೇ ಮೂತ್ರನಾಳದೊಳಗೆ ಸಣ್ಣ ಮೆತ್ತನೆಯ ಟ್ಯೂಬ್ ಹಾಕಿ, ಖಾಲಿ ಮಾಡಿ, ತೆಗೆದುಬಿಡುವುದು. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ಎಂಬ ವೈದ್ಯರು ಇದನ್ನು ಪರಿಚಯಿಸಿದಾಗ ಹಲವರು ನಂಬಲಿಲ್ಲ. ಟ್ಯೂಬ್ ಹಾಕುವುದು ಆಪರೇಷನ್ ಥಿಯೇಟರಿನಷ್ಟು ಶುದ್ಧವಾಗಿ ಮಾಡಬೇಕಾದ ಕೆಲಸ ಎಂದು ಆಗಿನ ನಂಬಿಕೆ. ಲ್ಯಾಪಿಡಿಸ್ ಹೇಳಿದ್ದು ಬೇರೆ. ಚೀಲ ಅತಿಯಾಗಿ ಹಿಗ್ಗಿದಾಗ ಅದರ ಗೋಡೆಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ಇನ್ಫೆಕ್ಷನ್ ಹಿಡಿಯುವುದು ಆಗ. ಆದ್ದರಿಂದ ಸೋಪಿನಲ್ಲಿ ಕೈ ತೊಳೆದು ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಮುಖ್ಯ. ಅವರ ಮಾತು ಸರಿ ಎಂದು ಕಾಲ ತೋರಿಸಿತು. ಸಾವಿರಾರು ಜನರ ಕಿಡ್ನಿ ಇದರಿಂದ ಉಳಿದಿದೆ.

ನಮ್ಮಲ್ಲಿ 19 ವರ್ಷದ ಒಬ್ಬ ಹುಡುಗಿ ಇದನ್ನು ಕಲಿತಳು. ಮೊದಲ ದಿನ ನರ್ಸ್ ಕೈಯಲ್ಲಿ ಕನ್ನಡಿ ಕೊಟ್ಟಾಗ ಅವಳು ಎದ್ದು ಹೊರಗೆ ಹೋಗಿಬಿಟ್ಟಳು. ಎರಡನೇ ದಿನ ಬಂದಳು. ನಾಲ್ಕನೇ ದಿನ ಕನ್ನಡಿ ಇಲ್ಲದೆ ಮಾಡಿದಳು. ಮೂರು ತಿಂಗಳ ಮೇಲೆ ಬಂದಾಗ "ಎಷ್ಟು ಹೊತ್ತು ಬೇಕಮ್ಮಾ?" ಅಂದೆ. "ಮೂರು ನಿಮಿಷ ಮೇಡಂ. ನನ್ನ ರೂಮ್‌ಮೇಟ್‌ಗೂ ಗೊತ್ತಿಲ್ಲ" ಅಂದಳು. ಆ ವರ್ಷ ಅವಳಿಗೆ ಜ್ವರ ಬರಲಿಲ್ಲ.

ಗಂಡು ಹುಡುಗರಿಗೆ ಒಂದು ಮಾತು. ಇದೇ ನರಗಳು ಲೈಂಗಿಕ ಕ್ರಿಯೆಗೂ ಬೇಕು. ನಿಮಿರುವಿಕೆ ಕಡಿಮೆಯಾಗುವುದು, ವೀರ್ಯ ಹೊರಗೆ ಬಾರದೆ ಹಿಂದಕ್ಕೆ ಮೂತ್ರಚೀಲದ ಒಳಗೆ ಹೋಗುವುದು, ಎರಡೂ ಆಗಬಹುದು. ಆಮೇಲೆ ಮಾಡಿದ ಮೂತ್ರ ಮೋಡ ಕವಿದಂತೆ ಕಾಣುತ್ತದೆ. ಇದರಿಂದ ಅಪಾಯ ಇಲ್ಲ, ಆದರೆ ಮಗು ಬೇಕೆಂದಾಗ ತೊಡಕಾಗುತ್ತದೆ. ಅದಕ್ಕೂ ದಾರಿಗಳಿವೆ. ಮೂತ್ರದಿಂದಲೇ ವೀರ್ಯಾಣು ಬೇರ್ಪಡಿಸಿ ಮಗು ಪಡೆಯಬಹುದು. ಹೆಂಡತಿಯಿಂದಲೂ ಮುಚ್ಚಿಟ್ಟು ವರ್ಷಗಟ್ಟಲೆ ಒಬ್ಬರೇ ನರಳುವವರನ್ನು ನೋಡಿದ್ದೇನೆ. ಹೇಳಲು ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ನಾವು ಓದುತ್ತೇವೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, "ಯೂರಿನ್ ಟೆಸ್ಟ್ ವರ್ಷಾ ವರ್ಷಾ ಮಾಡಿಸ್ತೀವಲ್ಲ, ಅದರಲ್ಲಿ ಇದು ಗೊತ್ತಾಗಲ್ವಾ?" ಇಲ್ಲ. ಒಳ್ಳೆಯ ಪ್ರಶ್ನೆ. ವರ್ಷಕ್ಕೊಮ್ಮೆ ಮಾಡಿಸುವುದು ಅಲ್ಬುಮಿನ್ ಎಂಬ ಪ್ರೋಟೀನ್ ನೋಡಲು, ಅದು ಕಿಡ್ನಿಯ ಸುದ್ದಿ ಹೇಳುತ್ತದೆ. ಅದನ್ನು ಬಿಡಬಾರದು. ಟೈಪ್ 2ರಲ್ಲಿ ಕಾಯಿಲೆ ಗೊತ್ತಾದ ದಿನದಿಂದಲೇ, ಟೈಪ್ 1ರಲ್ಲಿ 5 ವರ್ಷ ಕಳೆದ ಮೇಲೆ ಪ್ರತಿ ವರ್ಷ ಮಾಡಿಸಬೇಕು. ಆದರೆ ಚೀಲ ಎಷ್ಟು ತುಂಬುತ್ತದೆ, ಎಷ್ಟು ಖಾಲಿಯಾಗುತ್ತದೆ ಎಂದು ಆ ಪರೀಕ್ಷೆಗೆ ಗೊತ್ತಿಲ್ಲ. ಅದನ್ನು ಅಳೆಯಬೇಕಾದವರು ನೀವೇ.

ಹೇಗೆ ಅಂತ ಹೇಳುತ್ತೇನೆ, ಬರೆದುಕೊಳ್ಳಿ. ಮಿಲಿ ಗುರುತು ಇರುವ ಒಂದು ಪ್ಲಾಸ್ಟಿಕ್ ಜಗ್ ಬಚ್ಚಲಲ್ಲಿ ಇಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಸಮಯ, ಎಷ್ಟು ಮಿಲಿ, ಅವಸರ ಇತ್ತಾ ಇಲ್ವಾ, ಸೋರಿತಾ. ಪಕ್ಕದಲ್ಲಿ ಜಾಗ ಇದ್ದರೆ ಆ ಹೊತ್ತಿನ ಶುಗರ್ ಬರೆಯಿರಿ, ಕುಡಿದ ನೀರು ಬರೆಯಿರಿ. ಮೂರು ದಿನ ಮಾಡಿದರೆ ಸಾಕು, ಮೂರೂ ಒಟ್ಟಿಗೆ ಇರಬೇಕೆಂದಿಲ್ಲ. ಮನೆಯಲ್ಲಿರುವ ರಜೆಯ ದಿನ ಆರಿಸಿಕೊಳ್ಳಿ. ಒಂದೊಂದು ಸಲಕ್ಕೆ 500, 600 ಮಿಲಿ ಬರುತ್ತಿದ್ದು ಅವಸರದ ಕಾಲಂನಲ್ಲಿ "ಇಲ್ಲ, ಇಲ್ಲ" ಅಂತಲೇ ತುಂಬಿದ್ದರೆ ಮುಂದಿನ ತಿಂಗಳ ಭೇಟಿಗೆ ಕಾಯಬೇಡಿ, ಈ ವಾರವೇ ಹೋಗಿ. ಹಾಳೆಯನ್ನು ಡಾಕ್ಟರ ಮೇಜಿನ ಮೇಲೆ ಇಡಿ.

ಆ ಹುಡುಗ ಈಗಲೂ ಆರು ತಿಂಗಳಿಗೊಮ್ಮೆ ತನ್ನ ಹಾಳೆ ತರುತ್ತಾನೆ. ಹೋದ ಸಲ ಸ್ಕ್ಯಾನ್‌ನಲ್ಲಿ 120 ಮಿಲಿ ಉಳಿದಿತ್ತು. ಮಾತಾಡುತ್ತಾ ಕೂತಿದ್ದಾಗಲೇ ಅವನ ಫೋನಿನ ಅಲಾರಂ ಹೊಡೆಯಿತು. "ಒಂದು ನಿಮಿಷ ಮೇಡಂ" ಅಂತ ಎದ್ದು ಹೋದ.